ಬಾಗಿಲ ಮುಂದಿನ ಬೊಡ್ಡೆ

ಹಲಸಿನ ಮರ ಉರುಳಿದ ದಿನ ಸೊಸೆ ಒಂದು ಹನಿ ಕಣ್ಣೀರು ಹಾಕಲಿಲ್ಲವೆಂದು ಕೈತಾನ್ ಮುದುಕ ವಾಡೆಯ ಮನೆಮನೆಗೂ ಹೇಳಿಕೊಂಡು ಬಂದಿದ್ದ. ಇನಾಸಿನ್‌ಗೆ ಅದು ಗೊತ್ತಾದದ್ದು ಗೇರುಬೀಜದ ಕಾರ್ಖಾನೆಯಲ್ಲಿ, ಪಕ್ಕದ ಮಣೆಯ ಮೇಲೆ ಕೂತು ಬೀಜ ಒಡೆಯುವ ರುಜಾರಿನ್ ಬಾಯಿಂದ.

“ನಾವೆಲ್ಲ ಎದೆ ಹಿಡ್ಕೊಂಡು ನಿಂತಿದ್ರೆ ನಮ್ಮ ಸೊಸೆ ಟೇಪು ಹಿಡ್ಕೊಂಡು ಅಂಗಳ ಅಳೀತಿದ್ಲು ಅಂತಾನಲ್ಲೇ ನಿನ್ನ ಮಾವ?”

“ಟೇಪಲ್ಲ, ಬಟ್ಟೆ ಒಣಹಾಕೋ ಹಗ್ಗ,” ಅಂದಳು ಇನಾಸಿನ್. “ಟೇಪು ನಮ್ಮನೇಲಿ ಎಲ್ಲಿದೆ?”

ಅಳೆದದ್ದೇನೋ ನಿಜ. ಅವಳು ಮದುವೆಯಾಗಿ ಬಂದಾಗಿನಿಂದ ಆ ಮನೆಗೆ ಇದ್ದದ್ದು ಎರಡೇ ಕೋಣೆ, ಮುಂದೆ ಪಡಸಾಲೆ, ಹಿಂದೆ ಅಡುಗೆಮನೆ. ಪಡಸಾಲೆಗೆ ಪರದೆ ಕಟ್ಟಿ ಆಚೆ ಮಾವನ ಮಂಚ, ಈಚೆ ಅವಳದೂ ಗಂಡ ಮಿಂಗೆಲ್‌ನದೂ. ಮಗಳು ಲಿವಿಯಾಗೆ ಒಲೆಯ ಪಕ್ಕದ ಚಾಪೆ. ಹುಡುಗಿ ಈಗ ಮಡಗಾಂವಿನ ಕನ್ನಡಕದ ಅಂಗಡಿಗೆ ಕೆಲಸಕ್ಕೆ ಹೋಗುತ್ತಾಳೆ. ಇಸ್ತ್ರಿ ಮಾಡಿಟ್ಟ ಅಂಗಿ ಬಂಗಡೆ ವಾಸನೆ ಹೊಡೆಯುತ್ತದೆಂದು ಬೆಳಗಾದರೆ ಜಗಳ. ಅಂಗಳದಲ್ಲಿ ಅವಳಿಗೊಂದು ಕೋಣೆ ಹಾಕೋಣವೆಂದು ಮಾತೆತ್ತಿದಾಗಲೆಲ್ಲ ಮರ ಅಡ್ಡ ಬರುತ್ತಿತ್ತು. ನೆಲ ಒಡೆಯರಾದ ಭಾಟಕಾರರದು, ಮರವೂ ಭಾಟಕಾರರದು. ಅವರ ನೆಲದಲ್ಲಿ ಮೂರು ತಲೆಯಿಂದ ಕೂತ ಮುಂಡಕಾರರಾದ ಇವರದು ಗೋಡೆ, ಮಾಡು, ಮತ್ತೆ ಬಿದ್ದ ಎಲೆ ಗುಡಿಸುವ ಕೆಲಸ. ಬೇರಿಗೆ ಪೆಟ್ಟಾಗುತ್ತದೆ, ಅಲ್ಲಿ ಪಾಯ ತೋಡಬೇಡಿ ಎಂದು ಹಿಂದಿನ ಭಾಟಕಾರ ಹೇಳಿದ್ದ. ಅವನು ತೀರಿಕೊಂಡ ಮೇಲೆ ಮಗ ಆವೆಲಿನ್ ಬಾಬ್ ಕೂಡ ಅದನ್ನೇ ಹೇಳಿದ. ಮೇ ತಿಂಗಳ ಬಿರುಗಾಳಿ ಒಂದೇ ಸಂಜೆಯಲ್ಲಿ ಆ ಮಾತನ್ನು ನೆಲಕ್ಕೆ ಕೆಡವಿತ್ತು. ಅಂಗಳದ ತುಂಬ ಒಡೆದ ಹಲಸಿನ ಹಣ್ಣು, ನೊಣ, ಪರಿಮಳ. ಅದರ ನಡುವೆ ಇನಾಸಿನ್ ಹಗ್ಗ ಹಿಡಿದು ಒಂದು ಕೋಣೆ, ಅದರ ಬೆನ್ನಿಗೊಂದು ಬಚ್ಚಲು ಅಳೆದು ನೋಡಿದ್ದಳು. ಹಿಡಿಸುತ್ತಿತ್ತು.

ಮರ ಬಿದ್ದದ್ದು ಮನೆಗೆ ಬೆನ್ನು ಹಾಕಿ, ದಾರಿಯ ಕಡೆಗೆ. ಹಾಗಾಗಿ ಬುಡ ಕಿತ್ತೆದ್ದು ಬಾಗಿಲ ಎದುರಿಗೇ ಬೇರು-ಮಣ್ಣಿನ ಗೋಡೆಯಂತೆ ನಿಂತಿತ್ತು. ಅದಕ್ಕೂ ಹೊಸ್ತಿಲಿಗೂ ನಡುವೆ ದೊಡ್ಡ ಕುಳಿ. ಕುಳಿಗೆ ಹಲಗೆ ಹಾಕಿಕೊಂಡು ಮನೆಯವರು ಓಡಾಡುತ್ತಿದ್ದರು.

ಭಾಟಕಾರರ ಮುಕಾದಂ ಜುಜೆ ಗರಗಸದವರನ್ನು ಕರೆದುಕೊಂಡು ಬಂದ ದಿನ ಕೈತಾನ್ ಹಲಗೆಯ ಈಚೆ ನಿಂತು ಕೂಗಿ ಹೇಳಿದ.

“ಜುಜೆ, ಮೊದಲು ಬೇರು ಕಡಿಸು. ಕಾಂಡ ಆಮೇಲೆ.”

“ನಾಟಾ ಲಾರಿ ಕಾಯ್ತಿದೆ ಕೈತಾನ್. ಬೇರು ಯಾರಿಗೆ ಬೇಕು?”

“ಬೇಕು ಅಂತಲ್ಲವೋ. ಕಾಂಡದ ಭಾರ ಹೋದರೆ ಬುಡ ಎದ್ದು ನಿಲ್ಲುತ್ತೆ.”

“ಸತ್ತು ಎದ್ದವನು ಲೋಕದಲ್ಲಿ ಒಬ್ಬನೇ,” ಅಂದ ಜುಜೆ. “ಅವನು ಹಲಸಿನ ಮರ ಅಲ್ಲ.”

ಗರಗಸದವರು ನಕ್ಕರು. ಕಾಂಡದ ಕೊನೆಯ ಎಳೆ ಹರಿಯುತ್ತಲೇ ಬುಡ ಒಮ್ಮೆ ನಡುಗಿತು. ಹಾರಿ ಹೊಡೆದ ಬಾಗಿಲಿನ ಹಾಗೆ ಹಿಂದಕ್ಕೆ ಬಂದು ಕುಳಿಯಲ್ಲಿ ಕೂತಿತು. ಹಲಗೆ ಮುರಿಯಿತು, ಮೆಟ್ಟಿಲ ಕಲ್ಲು ಎರಡು ಹೋಳಾಯಿತು, ಒಳಗೆ ಗೋಡೆಯ ಮೇಲಿದ್ದ ಸಂತ ಅಂತೋನಿಯ ಪಟ ಕೆಳಗೆ ಬಿತ್ತು. ಹಲಗೆಯ ಮೇಲೆ ಆ ಹೊತ್ತಿಗೆ ಯಾರೂ ಇರಲಿಲ್ಲ, ಅಷ್ಟೇ ಪುಣ್ಯ.

ಕುಳಿಯೊಳಗೆ ಮಣ್ಣು ಜರಿದಿದ್ದರಿಂದ ಬೊಡ್ಡೆ ಹಳೆಯ ಜಾಗಕ್ಕೆ ಪೂರ್ತಿ ಇಳಿಯಲಿಲ್ಲ. ಮನೆಯ ಕಡೆ ವಾಲಿಕೊಂಡು, ಹರಿದ ಬೇರಿನ ಮೋಟುಗಳನ್ನು ಬಾಗಿಲ ಚೌಕಟ್ಟಿನವರೆಗೂ ಚಾಚಿ ನಿಂತಿತು. ಉಳಿದದ್ದು ಒಬ್ಬರು ಅಡ್ಡಡ್ಡ ನುಸುಳುವಷ್ಟು ಸಂದು.

“ಇದನ್ನು ಹೀಗೇ ಬಿಟ್ಟು ಹೋಗ್ತೀಯಾ?” ಅಂದಳು ಇನಾಸಿನ್.

“ನನಗೆ ಹೇಳಿದ್ದು ನಾಟಾ ತರೋಕೆ. ಕೊಂಬೆ ರೆಂಬೆ ನಿಮಗೇ ಅಂದಿದ್ದಾರೆ ಬಾಬ್, ಸೌದೆ ಮಾಡ್ಕೊಳ್ಳಿ. ಬೊಡ್ಡೆ ವಿಷಯ ಅವರನ್ನೇ ಕೇಳು.”

ಲಾರಿ ಹೋಯಿತು. ಮರುವಾರ ಮಳೆ ಹಿಡಿಯಿತು.

ಹಿಂಬಾಗಿಲಿದ್ದರೂ ಮಳೆಗಾಲಕ್ಕೆ ಅದು ಇಲ್ಲದ ಹಾಗೇ. ಗುಡ್ಡದ ನೀರೆಲ್ಲ ಆ ಕಡೆಯೇ ಇಳಿಯುತ್ತದೆ, ಮರಳಿನ ಚೀಲ ಒಟ್ಟಿ ಮುಚ್ಚಿಬಿಡುತ್ತಾರೆ. ಇನ್ನು ಮುಂಬಾಗಿಲ ಸಂದೇ ಗತಿ. ಮೊದಲು ಬಲ ಭುಜ, ಆಮೇಲೆ ತಲೆ, ಆಮೇಲೆ ಉಸಿರು ಹಿಡಿದು ಉಳಿದದ್ದು. ಬಸ್ಸಿನ ಕಂಡಕ್ಟರಾದ ಮಿಂಗೆಲ್‌ಗೆ ಹೊಟ್ಟೆ ಇದ್ದದ್ದರಿಂದ ಅವನು ಟಿಕೆಟ್ ಚೀಲವನ್ನು ಮೊದಲು ಒಳಗೆಸೆದು ಆಮೇಲೆ ತಾನು ಬರಬೇಕಾಯಿತು. ಗ್ಯಾಸಿನವನು ಸಿಲಿಂಡರು ಎತ್ತಿ ದಾಟಿಸಲು ನೋಡಿ, ಆಗುವುದಿಲ್ಲವೆಂದು ಅಂಗಳದಲ್ಲೇ ಇಟ್ಟು ಹೋದ. ಅದು ಪ್ಲಾಸ್ಟಿಕ್ ಹೊದ್ದು ಹೊರಗೇ ಕೂತಿತು, ಇನಾಸಿನ್ ಒಳಗೆ ಹಸಿ ಹಲಸಿನ ಕೊಂಬೆ ಉರಿಸಿ ಕಣ್ಣು ಕೆಂಪು ಮಾಡಿಕೊಂಡಳು. ಬೆಳಿಗ್ಗೆ ರೊಟ್ಟಿ ಮಾರುವ ಪದೇರ ಸೈಕಲ್ ನಿಲ್ಲಿಸಿ ಹಾರ್ನು ಒತ್ತಿದರೆ ಲಿವಿಯಾ ಸಂದಿನಿಂದ ಕೈ ಮಾತ್ರ ಹೊರಗೆ ಚಾಚುತ್ತಿದ್ದಳು.

“ಜೈಲಿನವರಿಗೆ ಕೊಟ್ಟ ಹಾಗೆ ಕೊಡ್ತಿದ್ದೀನಲ್ಲ,” ಅಂದ ಪದೇರ ಒಂದು ದಿನ.

“ಜೈಲಲ್ಲಿ ಇಬ್ಬರಿಗೊಂದು ಕೋಣೆ ಕೊಡ್ತಾರಂತೆ,” ಅಂದಳು ಲಿವಿಯಾ. “ಎರಡು ಪೊಯ್ ರೊಟ್ಟಿ ಜಾಸ್ತಿ ಕೊಡು.”

ಆ ದಿನ ಅವಳ ಹೊಸ ಅಂಗಿಯ ತೋಳು ಬೇರಿಗೆ ಸಿಕ್ಕಿ ಹರಿಯಿತು. ರಾತ್ರಿ ಊಟಕ್ಕೆ ಕೂತಾಗ ಇನಾಸಿನ್ ಗಂಜಿ ಬಡಿಸಿ, ಹೆಂಚಿನಲ್ಲಿ ಸುಟ್ಟ ಒಣ ಸೀಗಡಿಗೆ ಕಾಯಿತುರಿ ಕಲಸುತ್ತ ಮಾತೆತ್ತಿದಳು.

“ಆಯ್ತವಾರ ನಿನಗೆ ರಜೆ ಅಲ್ವಾ ಮಿಂಗೆಲ್? ಬೇರು ಕಡಿಯೋಣ.”

“ಬಾಬ್‌ಗೆ ಒಂದು ಮಾತು ಹೇಳಿ…” ಅಂದ ಮಿಂಗೆಲ್, ಅಪ್ಪನ ಮುಖ ನೋಡುತ್ತ.

“ಹೇಳದೆ ಮುಟ್ಟಬಾರದು,” ಅಂದ ಕೈತಾನ್. “ಮರ ಅವರದು. ಬಿದ್ದರೂ ಅವರದೇ.”

“ಬೇರು ನಮ್ಮ ಪಾಯದ ಕೆಳಗೆ ನುಗ್ಗಿದಾಗ ಅದು ಬಾಬ್‌ಗೆ ಹೇಳಿ ನುಗ್ಗಿತಾ ಪಾಯ್?” ಅಂದಳು ಇನಾಸಿನ್ ಮಾವನಿಗೆ. “ನಿಮ್ಮ ಮಂಚದ ಕೆಳಗೆ ನೆಲ ಉಬ್ಬಿದೆ, ನೋಡಿದ್ದೀರಾ?”

“ನೋಡಿದ್ದೀನಿ. ಮಂಚದ ಮೇಲೆ ಮಲಗೋನು ನಾನು.”

“ಶಾಪಾಯ್,” ಅಂದಳು ಮೊಮ್ಮಗಳು, “ಮಾಮ್ಲೆದಾರ್ ಕಚೇರಿಯಲ್ಲಿ ನಮ್ಮ ಹೆಸರು ಹಚ್ಚಿಸು ಅಂತ ಎಷ್ಟು ಸಲ ಹೇಳಿದ್ದೀನಿ. ಈ ವಾಡೆಯಲ್ಲಿ ಹಚ್ಚಿಸದೆ ಉಳಿದಿರೋದು ನೀನೊಬ್ಬನೇ. ಹಚ್ಚಿಸಿದರೆ ಮನೆ ಸುತ್ತಲಿನ ಅಂಗಳ ನಮ್ಮದೇ ಆಗುತ್ತೆ. ಈಗಂತೂ ಮರವೂ ಇಲ್ಲ.”

“ನನ್ನ ಅಪ್ಪನನ್ನು ಕೂರಿಸಿದವರ ಮೇಲೆ ನಾನು ಕಚೇರಿ ಹತ್ತಬೇಕಾ? ಸೀಗಡಿ ಈ ಕಡೆ ತಳ್ಳು.”

“ನೀನು ಹತ್ತಬೇಡ, ಆಟೋದಲ್ಲಿ ಕರ್ಕೊಂಡು ಹೋಗ್ತೀನಿ.”

“ಲಿವಿಯಾ,” ಅಂದ ಮಿಂಗೆಲ್.

ಅವನಿಗೆ ಅಪ್ಪನ ಈ ಸ್ವಭಾವ ಚಿಕ್ಕಂದಿನಿಂದ ಗೊತ್ತು. ದಾರಿಯಲ್ಲಿ ತಾನಾಗಿ ಬಿದ್ದ ಒಂದು ತೆಂಗಿನಕಾಯಿಯನ್ನು ಮನೆಗೆ ತಂದದ್ದಕ್ಕೆ ಅಪ್ಪ ಅವನ ಕಿವಿ ಹಿಡಿದು ಭಾಟಕಾರರ ಮನೆಯವರೆಗೆ ನಡೆಸಿಕೊಂಡು ಹೋಗಿದ್ದ. ಅಲ್ಲಿಯ ಯಜಮಾನಿ ಬಾಯಿ ನಕ್ಕು, ಕಾಯಿ ನೀನೇ ಇಟ್ಕೋ ಅಂದಿದ್ದಳು. ಅಪ್ಪ ಇಟ್ಟುಕೊಂಡಿರಲಿಲ್ಲ.

ಆಯ್ತವಾರ ಮಿಂಗೆಲ್‌ಗೆ ಬದಲಿ ಡ್ಯೂಟಿ ಬಂತು. ಬರದಿದ್ದರೂ ಅವನು ಕೇಳಿ ತರಿಸಿಕೊಳ್ಳುತ್ತಿದ್ದನೆಂದು ಇನಾಸಿನ್‌ಗೆ ಗೊತ್ತಿತ್ತು. ಅವಳೇ ಕೊಡಲಿ ಹಿಡಿದಳು.

ಕಾರ್ಖಾನೆಯಿಂದ ಬಂದು, ಚಹಾ ಕುಡಿದು, ಕತ್ತಲಾಗುವವರೆಗೆ ಅಷ್ಟಷ್ಟು. ಪಾಯದ ಗೋಡೆಗುಂಟ ಗುದ್ದಲಿಯಿಂದ ಕಾಲುವೆಯ ಹಾಗೆ ತೋಡಿ, ಬಂದ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ದಾರಿಯ ಬದಿಗೆ ಸುರಿದಳು. ಗೇರಿನ ಸಿಪ್ಪೆಯ ಎಣ್ಣೆಗೆ ಮೊದಲೇ ಸುಟ್ಟ ಅಂಗೈಯಲ್ಲಿ ಕೊಡಲಿಯ ಹಿಡಿಗೆ ಬೊಬ್ಬೆಗಳೆದ್ದವು. ಬಟ್ಟೆ ಸುತ್ತಿಕೊಂಡು ಹೊಡೆದಳು. ಕೈತಾನ್ ಮುರಿದ ಮೆಟ್ಟಿಲ ಒಂದು ಹೋಳಿನ ಮೇಲೆ ಕೊಡೆ ಹಿಡಿದು ಕೂತು ನೋಡುತ್ತಿದ್ದ. ಮೊದಲ ದಿನ ಮಾತಾಡಲಿಲ್ಲ. ಎರಡನೆಯ ದಿನ ತಡೆಯಲಾಗಲಿಲ್ಲ.

“ನೆಟ್ಟಗೆ ಹೊಡೀಬೇಡ, ಕೊಡಲಿ ಕಚ್ಕೊಳ್ಳುತ್ತೆ. ಓರೆಯಾಗಿ ಹೊಡಿ. ಈ ಕಡೆಯಿಂದ ಒಂದು, ಆ ಕಡೆಯಿಂದ ಒಂದು.”

“ಭಾಟಕಾರರ ಬೇರು ಕಡಿಯೋದು ನನಗೇ ಹೇಳಿಕೊಡ್ತಿದ್ದೀರಲ್ಲ ಪಾಯ್.”

“ಕಡಿ ಅಂತ ನಾನು ಹೇಳಿಲ್ಲ. ಕಡಿಯೋದಾದರೆ ಹೀಗೆ ಅಂದೆ.”

ಹರಿಯದೆ ಉಳಿದು ಮನೆಯ ಅಡಿಗೆ ಹೋದ ಬೇರುಗಳಲ್ಲಿ ಕೊನೆಯದು ತೊಡೆಯಷ್ಟು ದಪ್ಪ. ಅದು ತುಂಡಾಗುವ ಹೊತ್ತಿಗೆ ಜುಲೈ ತಿಂಗಳೇ ಮುಗಿಯಲು ಬಂದಿತ್ತು. ಕೊಡಲಿ ಆ ಬದಿಯ ಮಣ್ಣಿಗೆ ಇಳಿದಾಗ ಬೊಡ್ಡೆ ಕೂದಲೆಳೆಯಷ್ಟು ಅಲುಗಿತು. ಇನಾಸಿನ್ ಎರಡೂ ಕೈ ಕೊಟ್ಟು ತಳ್ಳಿ ನೋಡಿದಳು. ಇನ್ನೊಮ್ಮೆ ಅಲುಗಿತು. ಆ ದಿನ ಮಾವನ ತಟ್ಟೆಗೆ ಮೀನಿನ ನಡುತುಂಡು ಹಾಕಿದಳು.

“ಈಗ ಮನೆಗೂ ಇದಕ್ಕೂ ಸಂಬಂಧ ಇಲ್ಲ,” ಅಂದಳು ಮಿಂಗೆಲ್‌ಗೆ. “ಒಂದು ಯಂತ್ರ ಬಂದು ಎತ್ತಿದರೆ ಹಲ್ಲು ಕಿತ್ತ ಹಾಗೆ ಬರುತ್ತೆ. ನೀನು ಬಾಬ್‌ಗೆ ಫೋನು ಮಾಡು.”

ಮಿಂಗೆಲ್ ಫೋನು ಮಾಡಿದ. ಬಾಬ್ ತಾನೇ ಬರುತ್ತೇನೆಂದ.

ಆವೆಲಿನ್ ಬಾಬ್ ಬಂದದ್ದು ಕಾರಿನಲ್ಲಿ, ಹಿಂದಿನ ಸೀಟಿನಲ್ಲೊಂದು ಕುಂಡ ಇಟ್ಟುಕೊಂಡು. ಮಡಗಾಂವಿನಲ್ಲಿ ಔಷಧಿ ಅಂಗಡಿ ಇಟ್ಟ, ಐವತ್ತರ ಸುಮಾರಿನ ಮೃದು ಮಾತಿನ ಮನುಷ್ಯ. ಬಾಗಿಲ ಸಂದು ನೋಡಿ ನಕ್ಕ.

“ನಾನಂತೂ ಇದರಲ್ಲಿ ಬರೋಕಾಗಲ್ಲ ಕೈತಾನ್. ನೀನೇ ಹೊರಗೆ ಬಾ.”

ಮುದುಕ ತೊಳೆದ ಅಂಗಿ ಹಾಕಿಕೊಂಡು ಅಡ್ಡಡ್ಡ ನುಸುಳಿ ಬಂದ. ಇನಾಸಿನ್ ಒಳಗಿನಿಂದ ಕುರ್ಚಿ ದಾಟಿಸಲು ನೋಡಿದಳು, ಆಗಲಿಲ್ಲ. ಬಾಬ್ ನಿಂತೇ ಮಾತಾಡಿದ.

“ಬುಧವಾರ ಜೆಸಿಬಿ ಕಳಿಸ್ತೀನಿ. ನಿಮಗೆ ಯಾವ ಖರ್ಚೂ ಇಲ್ಲ. ಪಾಪ, ಎಷ್ಟು ದಿನ ಹೀಗೆ ಓಡಾಡಿದ್ದೀರಿ. ಆಮೇಲೆ ಇದು,” ಅಂದು ಕುಂಡ ಇಳಿಸಿಕೊಟ್ಟ. “ಕಸಿ ಹಲಸು. ಆ ಕುಳಿಯಲ್ಲೇ ಇಡು. ನನ್ನ ಅಪ್ಪ ಹೇಳ್ತಿದ್ದ, ಹಿಂದಿನ ಮರ ನಿನ್ನ ಅಪ್ಪನ ಕೈಯಿಂದಲೇ ನೆಡಿಸಿದ್ದಂತೆ.”

“ಹೌದು ಬಾಬ್. ಬಿದ್ದ ಮರದ ಕುಳಿಗೆ ಆ ನೆಲದಲ್ಲಿ ಕೂತವನೇ ಗಿಡ ಇಡೋದು. ನಮ್ಮಲ್ಲಿ ಹಾಗೇ ನಡ್ಕೊಂಡು ಬಂದಿದೆ.”

“ಮೂರು ಬೇಸಿಗೆ ನೀರು ಹಾಕಿದರೆ ಆಮೇಲೆ ಅದರ ಪಾಡಿಗೆ ಅದು ಬರುತ್ತೆ.”

“ಆಗಲಿ ಬಾಬ್.”

ಇನಾಸಿನ್ ಸಂದಿನಲ್ಲಿ ಅರ್ಧ ಒಳಗೆ ಅರ್ಧ ಹೊರಗೆ ನಿಂತಿದ್ದಳು. “ಬಾಬ್,” ಅಂದಳು, “ಮಗಳು ದೊಡ್ಡವಳಾಗಿದ್ದಾಳೆ. ಅಡುಗೆಮನೆಯಲ್ಲಿ ಮಲಗ್ತಾಳೆ. ಅಲ್ಲೊಂದು ಕೋಣೆ ಹಾಕಿಕೊಳ್ತೀವಿ. ಗಿಡ ಬೇಕಾದರೆ ಆ ಕಡೆ ಬೇಲಿ ಹತ್ತಿರ…”

“ಮರದ ಜಾಗ ಮರಕ್ಕೇ ಇರಲಿ ಬಾಯಿ,” ಅಂದ ಆವೆಲಿನ್ ಬಾಬ್, ದನಿ ಏರಿಸದೆ. “ನಿಮ್ಮನ್ನು ಯಾವತ್ತಾದರೂ ಏಳಿ ಅಂದಿದ್ದೀನಾ? ಮನೆ ರಿಪೇರಿ ಮಾಡ್ಕೊಳ್ಳಿ, ಹೆಂಚು ಹೊದಿಸ್ಕೊಳ್ಳಿ, ಕೇಳಿದ್ದೀನಾ? ಅಂಗಳಕ್ಕೆ ಪಾಯದ ಕಲ್ಲು ಬಿದ್ದರೆ ಮಾತ್ರ ನಾಳೆ ನನ್ನ ಅಣ್ಣತಮ್ಮಂದಿರು ನನ್ನ ಕೇಳ್ತಾರೆ. ಅಲ್ವಾ ಕೈತಾನ್?”

“ಹೌದು ಬಾಬ್.”

ಕಾರು ತಿರುಗಿ ಹೋಗುವವರೆಗೂ ಮುದುಕ ಕುಂಡ ಎದೆಗವಚಿಕೊಂಡು ನಿಂತಿದ್ದ.

ಆ ವಾರ ಮನೆಯಲ್ಲಿ ಒಂದು ಊಟವೂ ನೆಟ್ಟಗೆ ಆಗಲಿಲ್ಲ.

“ಬೊಡ್ಡೆ ಹೋಗಲಿ ಅಂತ ಎರಡು ತಿಂಗಳು ಬಡ್ಕೊಂಡೆ,” ಅಂದಳು ಲಿವಿಯಾ, ತಟ್ಟೆ ತಳ್ಳಿ. “ಬೊಡ್ಡೆ ಹೋದ ದಿನವೇ ಗಿಡ ಬರುತ್ತೆ. ಗಿಡ ಬಂದರೆ ನಾನು ಮುದುಕಿ ಆಗೋವರೆಗೂ ಒಲೆ ಪಕ್ಕ.”

“ನಿನಗೆ ಮದುವೆ ಆಗಲ್ವಾ?” ಅಂದ ಕೈತಾನ್.

“ಎಲ್ಲಿಂದ ಹೊರಡಲಿ ಮದುಮಗಳಾಗಿ? ಈ ಸಂದಿನಿಂದಲಾ?”

“ಗಿಡಕ್ಕೆ ಬಿಸಿ ಗಂಜಿನೀರು ಹೊಯ್ದರೆ ಎರಡೇ ದಿನ,” ಅಂದ ಮಿಂಗೆಲ್ ಮೆಲ್ಲಗೆ, ತನ್ನಷ್ಟಕ್ಕೆ ಹೇಳಿಕೊಂಡ ಹಾಗೆ.

ಮುದುಕನಿಗೆ ಕಿವಿ ಮಂದವಿದ್ದರೂ ಇಂಥದ್ದು ಕೇಳಿಸುತ್ತಿತ್ತು. ಎದ್ದು ಹೋಗಿ ಕುಂಡವನ್ನು ತಂದು ತನ್ನ ಮಂಚದ ತಲೆದೆಸೆಗೆ ಇಟ್ಟುಕೊಂಡ. ಅವತ್ತಿನಿಂದ ಅದು ಅಲ್ಲೇ, ಉಗುಳುವ ಡಬ್ಬಿ ಮತ್ತು ಜಪಸರದ ನಡುವೆ.

“ನೀನು ಎತ್ತಿ ಆಡಿಸಿದ ಮೊಮ್ಮಗಳು ಇವಳು,” ಅಂದ ಮಿಂಗೆಲ್.

“ನಾನು ಮಾತು ಕೊಟ್ಟಿದ್ದೀನಿ.”

“ನಮ್ಮನ್ನು ಕೇಳಿ ಕೊಟ್ಟೆಯಾ?”

“ಹಾಗಾದರೆ ಬಾಬ್ ಎದುರು ನೀನು ಬಾಯಿ ಬಿಡಬೇಕಿತ್ತು. ಬಿಟ್ಟವಳು ನಿನ್ನ ಹೆಂಡತಿ. ನೀನು ಬಸ್ಸಲ್ಲಿದ್ದೆ.”

ಮಿಂಗೆಲ್ ಎದ್ದು ಕೈ ತೊಳೆದ. ಇನಾಸಿನ್ ಪಾತ್ರೆಗಳನ್ನು ಒಂದರ ಮೇಲೊಂದು ಪೇರಿಸಿ, ಭುಜ ಮೊದಲು ತಲೆ ಆಮೇಲೆ ಹೊರಗೆ ನುಸುಳಿ, ತೊಳೆಯುವ ಕಲ್ಲಿನ ಹತ್ತಿರ ಕೂತಳು.

ಬುಧವಾರ ಅವಳು ಕೆಲಸಕ್ಕೆ ಹೋಗಲಿಲ್ಲ. ಹಿಂದಿನ ರಾತ್ರಿಯೆಲ್ಲ ಸುರಿದು ಬೆಳಿಗ್ಗೆ ಮಳೆ ಬಿಟ್ಟಿತ್ತು. ಪಾಯದಗುಂಟ ಅವಳು ತೋಡಿದ ಕಾಲುವೆಯಲ್ಲಿ ಕೆಂಪು ನೀರು ಅಂಚಿನವರೆಗೆ ನಿಂತಿತ್ತು. ಜೆಸಿಬಿ ವಾಡೆಯ ತಿರುವಿನಲ್ಲಿ ಶಿಲುಬೆಯ ಪಕ್ಕ ಹಾದು ಬಂತು, ಮುಂದೆ ಸ್ಕೂಟರಿನಲ್ಲಿ ಜುಜೆ.

ಯಂತ್ರದವನು ಬಾಗಲಕೋಟೆ ಕಡೆಯ ಮಾಂತೇಶ. ಕೊಂಕಣಿಯಲ್ಲೇ ಮಾತಾಡಿದರೂ ಅವನೂರಿನ ಎಳೆತ ಬಿಟ್ಟಿರಲಿಲ್ಲ. ಕೆಳಗಿಳಿದು ಬೊಡ್ಡೆಯ ಸುತ್ತ ಒಂದು ಸುತ್ತು ಹಾಕಿದ. ಗೋಡೆಯ ಬಿರುಕು ನೋಡಿದ, ನೀರು ನೋಡಿದ.

“ಬಾಯಿ, ಇದರ ಬೇರು ಮನಿ ಅಡಿಗೆ ಹೋಗ್ಯಾವೇನು? ಹೋಗಿದ್ರ ನಾ ಎಳಿಯಾಂಗಿಲ್ಲ ನೋಡ್ರಿ. ಹೋದ ತಿಂಗಳ ಒಂದು ಕಡೆ ಹಿಂಗ ಎಳದು ಗೋಡಿ ಬಿತ್ತು. ಪೊಲೀಸು ಗಿಲೀಸು ಅಂತ ನನಗ ಸಾಕಾಗಿ ಹೋಗೇತಿ.”

ಇನಾಸಿನ್ ಸೆರಗಿಲ್ಲದ ಅಂಗಿಯ ಅಂಚಿಗೇ ಕೈ ಒರೆಸಿಕೊಂಡಳು.

“ಹೋಗಿವೆ,” ಅಂದಳು.

“ಎಲ್ಲಿ ಹೋಗಿವೆ?” ಅಂದ ಜುಜೆ. “ಎಲ್ಲ ಇವಳೇ ಕಡಿದಿದ್ದಾಳ್ರೀ. ಒಂದು ತಿಂಗಳು ಇಡೀ ವಾಡೆ ಇವಳ ಕೊಡಲಿ ಸದ್ದು ಕೇಳಿದೆ.”

“ಕಡಿದದ್ದು ಮೇಲಿನ ಬೇರು, ಸೌದೆಗೆ. ಅಡಿಯದು ಹಾಗೇ ಇದೆ.”

“ಸುಳ್ಳು ಹೇಳಬೇಡ. ಬೊಡ್ಡೆ ತೆಗೀರಿ ಅಂತ ಫೋನು ಮಾಡಿಸಿದ್ದು ನೀನೇ ಅಲ್ವಾ?”

“ಮಾಡಿಸಿದೆ. ಗೋಡೆ ಬೀಳಿಸಿ ತೆಗೀರಿ ಅಂದಿದ್ನಾ? ಅನುಮಾನ ಇದ್ದರೆ ನೀನೇ ಇಳಿದು ಕೈ ಹಾಕಿ ನೋಡು.”

ಜುಜೆ ಕೆಂಪು ನೀರನ್ನೂ ತನ್ನ ಪ್ಯಾಂಟನ್ನೂ ನೋಡಿದ. ಮೊನ್ನೆ ಇಲ್ಲೇ ಕೆಳಗಿನ ಗದ್ದೆಯಲ್ಲಿ ಹಾವು ಕಚ್ಚಿ ಒಬ್ಬನನ್ನು ಆಸ್ಪತ್ರೆಗೆ ಒಯ್ದದ್ದು ಅವನಿಗೂ ನೆನಪಿತ್ತು. ಇಳಿಯಲಿಲ್ಲ.

“ಕೈತಾನ್ ಹೇಳಲಿ,” ಅಂದ. “ಕೈತಾನ್ ಭಾಟಕಾರರ ವಿಷಯದಲ್ಲಿ ಸುಳ್ಳು ಹೇಳಿದವನಲ್ಲ.”

ಮುದುಕ ಅಷ್ಟು ಹೊತ್ತಿಗೆ ಸಂದಿನಿಂದ ಹೊರಗೆ ಬಂದು ನಿಂತಿದ್ದ. ಬುಧವಾರವೆಂದು ಅವನೂ ತೊಳೆದ ಅಂಗಿ ಹಾಕಿದ್ದ. ಕಂಕುಳಲ್ಲಿ ಕುಂಡ.

“ಅಜ್ಜಾರ, ನೀವ ಹೇಳ್ರಿ,” ಅಂದ ಮಾಂತೇಶ. “ಬೇರು ಅದಾವೋ ಇಲ್ಲೋ?”

ಕೈತಾನ್ ಸೊಸೆಯ ಕಡೆ ನೋಡಲಿಲ್ಲ. ಇನಾಸಿನ್ ಅವನ ಬಾಯನ್ನೇ ನೋಡುತ್ತಿದ್ದಳು. ಒಂದೊಂದು ಬೇರಿಗೂ ಕೊಡಲಿ ಎಲ್ಲಿ ಬೀಳಬೇಕೆಂದು ತೋರಿಸಿದವನು ಅವನು. ಕೊನೆಯದು ತುಂಡಾದಾಗ, ಹಾಂ, ಆಯ್ತು ಅಂದವನೂ ಅವನೇ.

“ಜುಜೆ,” ಅಂದ ಮುದುಕ, “ಅಕಸ್ಮಾತ್ ಗೋಡೆ ಬಿದ್ದರೆ ಬಾಬ್ ಕಟ್ಟಿಸಿಕೊಡ್ತಾರಾ?”

“ಅದೇನು ಮಾತು? ಗೋಡೆ ನಿನ್ನದು. ಮರ ಅವರದು.”

“ಹಾಗೋ.”

“ಮತ್ತೆ?”

“ಗೋಡೆ ಮಾತ್ರ ನನ್ನದು.”

“ಅದು ಮೊದಲಿಂದಲೂ ಹಾಗೇ ಅಲ್ವಾ ಕೈತಾನ್. ನಿನಗೆ ನಾನು ಹೇಳಬೇಕಾ?”

ಕೈತಾನ್ ಕುಂಡವನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡ. “ಬೇರು ಇದೆ,” ಅಂದ ಮಾಂತೇಶನಿಗೆ. “ನನ್ನ ಮಂಚದ ಅಡಿಯವರೆಗೂ ಹೋಗಿದೆ. ನೆಲ ಉಬ್ಬಿದೆ, ಬೇಕಾದರೆ ಒಳಗೆ ಬಂದು ನೋಡು.”

ಮಾಂತೇಶ ಸಂದಿನಲ್ಲಿ ತಲೆ ಹಾಕಿ ಪಡಸಾಲೆಯ ನೆಲ ನೋಡಿ ಬಂದ. “ಇದು ಆಗೂದಲ್ಲ,” ಅಂದವನೇ ಯಂತ್ರ ಹತ್ತಿದ. ಜುಜೆ ಅಂಗಳದ ತುದಿಗೆ ಹೋಗಿ ಬಾಬ್‌ಗೆ ಫೋನು ಮಾಡಿದ. ಬಹಳ ಹೊತ್ತು ಹೌದು ಹೌದು ಅನ್ನುತ್ತ ಕೇಳಿ, ವಾಪಸು ಬಂದ.

“ಮಳೆ ಪೂರ್ತಿ ಮುಗಿಯಲಿ ಅಂದ್ರು. ಕೈತಾನ್ ಹೇಳಿದ ಮೇಲೆ ಸರಿಯೇ ಇರುತ್ತೆ ಅಂದ್ರು. ಆಮೇಲೆ ಆಳು ಹಚ್ಚಿ ಕೈಯಲ್ಲೇ ಕಡಿಸೋದಂತೆ. ಆಯ್ತವಾರ ಇಗರ್ಜಿಯ ಪೂಜೆ ಮುಗಿಸಿ ಬಂದು ನೋಡಿಕೊಂಡು ಹೋಗ್ತಾರೆ.” ಸ್ಕೂಟರು ಹತ್ತುವ ಮುಂಚೆ ಇನಾಸಿನ್‌ಳನ್ನು ನೋಡಿ, “ಸಂದಿನಲ್ಲೇ ಇರಿ ಹಾಗಾದರೆ,” ಅಂದ.

ಮಧ್ಯಾಹ್ನ ಕೈತಾನ್ ಊಟ ಮಾಡಲಿಲ್ಲ. ಅನ್ನದ ಮೇಲೆ ನಿನ್ನೆಯ ಮೀನಿನ ಸಾರು ಬಿಸಿ ಮಾಡಿ ಹಾಕಿದರೂ ಗೋಡೆ ಕಡೆ ತಿರುಗಿ ಮಲಗಿದ್ದ. ಇನಾಸಿನ್ ತಟ್ಟೆಯನ್ನು ಮುಚ್ಚಿಟ್ಟು ಎರಡು ಸಲ ಕರೆದಳು. ಮೂರನೆಯ ಸಲ ಕರೆಯಲಿಲ್ಲ. ಸಂಜೆಯ ಹೊತ್ತಿಗೆ ಅವನೇ ಮಾತಾಡಿದ, ಮುಖ ತಿರುಗಿಸದೆ.

“ನೀರು ಎಷ್ಟು ಇಳಿದಿದೆ?”

“ಮೊಣಕಾಲಿಗೆ.”

“ಆಯ್ತವಾರಕ್ಕೆ ಪೂರ್ತಿ ಇಳಿಯುತ್ತೆ. ಕಡಿದ ತುದಿ ಹಳದಿಯಾಗಿ ಕಾಣ್ತವೆ. ಬಾಬ್ ಕಣ್ಣಿಗೆ ಬೇಗ ಬೀಳುತ್ತೆ.”

“ಏನು ಮಾಡಲಿ ಪಾಯ್?”

“ತೋಡಿದ ಮಣ್ಣೆಲ್ಲಿ?”

“ದಾರಿ ಬದಿ ಸುರಿದಿದ್ದೀನಿ.”

“ಅದನ್ನು ತಾ.”

ಮುದುಕ ಎದ್ದು, ತೊಳೆದ ಅಂಗಿ ಕಳಚಿ ಮೊಳೆಗೆ ಹಾಕಿ, ಚಡ್ಡಿಯಲ್ಲೇ ಹೊರಗೆ ಬಂದ. ಇನಾಸಿನ್ ಒಂದು ತಿಂಗಳು ತೋಡಿ ಹೊತ್ತು ಹಾಕಿದ್ದ ಮಣ್ಣನ್ನೇ ಮತ್ತೆ ಬುಟ್ಟಿಗೆ ತುಂಬಿ ತಂದು ಕಾಲುವೆಗೆ ಸುರಿದಳು. ಮಳೆ ಕುಡಿದ ಮಣ್ಣು ತೋಡಿದಾಗಿನ ಎರಡರಷ್ಟು ಭಾರವಿತ್ತು. ಕೈತಾನ್ ಗೋಡೆ ಹಿಡಿದು ಅದರ ಮೇಲೆ ನಿಂತು, ಬರಿಗಾಲಲ್ಲಿ ತುಳಿದು ತುಳಿದು ಕೂರಿಸಿದ.

“ಹೆಸರು ಹಚ್ಚೋದು ಮಾತ್ರ ಕೇಳಬೇಡ,” ಅಂದ ನಡುವೆ ಒಮ್ಮೆ. “ಅದು ಬೇರೆ ಮಾತು.”

“ನಾನೇನೂ ಕೇಳಲಿಲ್ಲ.”

“ಗಿಡಕ್ಕೂ ನೀರು ಹಾಕ್ತೀನಿ. ಅದು ಏನು ಮಾಡಿದೆ?”

“ಹಾಕಿ.”

“ಈ ಬೊಡ್ಡೆ ಮುಂದಿನ ವರ್ಷ ಚಿಗುರಿದರೆ?”

“ಚಿಗುರಿದಾಗ ಮುರಿದು ಹಾಕೋಣ.”

ಮುದುಕ ತುಳಿಯುತ್ತಿದ್ದ.

ಲಿವಿಯಾ ಕೆಲಸದಿಂದ ಬಂದು ದಾರಿಯಲ್ಲೇ ನಿಂತಳು. ಬೆಳಿಗ್ಗೆ ಅವಳು ಹೊರಟಾಗ ಬೊಡ್ಡೆ ಇವತ್ತಿಗೆ ಕೊನೆ ಅಂದಿದ್ದರು. ಈಗ ಅದು ಅಲ್ಲೇ ಇತ್ತು. ಅವ್ವನ ಮೈಯೆಲ್ಲ ಕೆಂಪು ಮಣ್ಣು, ಶಾಪಾಯ್ ಮೊಣಕಾಲಿನವರೆಗೆ ಕೆಸರು.

“ಮಾಯ್, ಏನಿದು? ಕೀಳ್ತಾರೆ ಅಂದ್ರಿ. ನೀವು ನೆಡ್ತಿದ್ದೀರಾ?”

“ಅವರ ಗಿಡ ನೆಡಬಾರದು ಅಂದರೆ ಇದನ್ನು ನೆಡಬೇಕು,” ಅಂದಳು ಇನಾಸಿನ್.

“ನನ್ನ ಕೋಣೆ?”

ಇನಾಸಿನ್ ಬುಟ್ಟಿ ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟುಕೊಂಡಳು.

“ಅಂಗಿ ಬದಲಾಯಿಸಿ ಬಾ. ಆ ಕಡೆ ಇನ್ನೂ ಗುಡ್ಡೆ ಇದೆ.”

ಹುಡುಗಿ ಚೀಲವನ್ನು ತಲೆಯ ಮೇಲಿಟ್ಟುಕೊಂಡು ಸಂದಿನಲ್ಲಿ ನುಸುಳಿ ಒಳಗೆ ಹೋದಳು. ಬಹಳ ಹೊತ್ತಿನ ಮೇಲೆ ಹಳೆಯ ಲಂಗದಲ್ಲಿ ಹೊರಗೆ ಬಂದು, ಇನ್ನೊಂದು ಬುಟ್ಟಿ ತೆಗೆದುಕೊಂಡಳು. ಕಾಲುವೆ ತುಂಬಿ ನೆಲದ ಮಟ್ಟಕ್ಕೆ ಬಂದಾಗ ಕೈತಾನ್ ತುಳಿಯುವುದನ್ನು ನಿಲ್ಲಿಸಿ ಪಕ್ಕಕ್ಕೆ ಸರಿದ.

“ತಳ್ಳಿ ನೋಡು,” ಅಂದ ಸೊಸೆಗೆ.

ಇನಾಸಿನ್ ಎರಡೂ ಅಂಗೈ ಬೊಡ್ಡೆಗೆ ಒತ್ತಿ, ಕಾಲು ಊರಿ, ಇದ್ದ ಬಲವೆಲ್ಲ ಹಾಕಿ ತಳ್ಳಿದಳು.

“ಅಲ್ಲಾಡುತ್ತಾ?”

“ಒಂಚೂರು.”

“ಹಾಗಾದರೆ ಇನ್ನೆರಡು ಬುಟ್ಟಿ ತಾ,” ಅಂದ ಮುದುಕ, ಮತ್ತೆ ತುಳಿಯಲು ಹತ್ತಿದ.